ಕಕ್ಷೆಯ ಲೆಕ್ಕ ತಿಳಿದ ಮೇಲೆ ಬಾಹ್ಯಾಕಾಶದ ಸಿನಿಮಾ, ಗೇಮ್‌ಗಳನ್ನು ಸವಿಯುವುದು ಹೇಗೆ?

ಪ್ರಶ್ನೆ: ಕಕ್ಷಾಸಕ್ತ

ಬಾಹ್ಯಾಕಾಶವನ್ನು ಕುರಿತ ಗೇಮ್ ಆಗಲಿ ಸಿನಿಮಾ ಆಗಲಿ, ಕೈಗೆ ಸಿಕ್ಕಿದ್ದನ್ನು ಬಿಡದ ಚಾಳಿ ನನ್ನದು. ಲೆಕ್ಕಪತ್ರ ನೋಡುವುದು ನನ್ನ ವೃತ್ತಿ. ಭೌತಶಾಸ್ತ್ರದ ನಂಟು ಪಿಯುಸಿಗೇ ಮುಗಿದಿತ್ತು. ಕಕ್ಷೆಯೆಂದರೆ ಏನೆಂದು ನನಗೆ ನಿಜವಾಗಿ ತಿಳಿಸಿಕೊಟ್ಟದ್ದು ಮೆಕ್ಸಿಕೋದ ಸ್ಕ್ವಾಡ್ ಎಂಬ ಸಂಸ್ಥೆ 2011ರಲ್ಲಿ ಮೊದಲ ಬಾರಿಗೆ ಹೊರಬಿಟ್ಟು, 2015ರಲ್ಲಿ ಪೂರ್ಣ ಆವೃತ್ತಿಯಾಗಿ ಬಿಡುಗಡೆ ಮಾಡಿದ ‘ಕರ್ಬಲ್ ಸ್ಪೇಸ್ ಪ್ರೋಗ್ರಾಂ’. ಹಸಿರು ಮೈಯ ಕುಳ್ಳರನ್ನು ಕೂರಿಸಿದ ರಾಕೆಟ್ಟುಗಳನ್ನು ನಾವೇ ಜೋಡಿಸಿ ಹಾರಿಸುವ ಈ ಗೇಮ್ ಮೇಲ್ನೋಟಕ್ಕೆ ಮಕ್ಕಳಾಟದಂತೆ ಕಂಡರೂ ಅದರೊಳಗಿನ ಗಣಿತ ಯಾರ ಮುಲಾಜನ್ನೂ ನೋಡುವುದಿಲ್ಲ.

ಎರಡು ನೌಕೆಗಳನ್ನು ಕಕ್ಷೆಯಲ್ಲಿ ಜೋಡಿಸುವ ಕೆಲಸವನ್ನೇ ನೋಡಿ. ನಿಮ್ಮ ನೌಕೆ ಮತ್ತು ಗುರಿಯ ನೌಕೆ ಒಂದೇ ಕಕ್ಷೆಯಲ್ಲಿದ್ದು, ಗುರಿ ನಿಮಗಿಂತ 5 ಕಿಲೋಮೀಟರ್ ಮುಂದಿದೆ ಎಂದುಕೊಳ್ಳಿ. ಅದರತ್ತ ಮೂತಿ ತಿರುಗಿಸಿ ಎಂಜಿನ್ ಹಚ್ಚಬೇಕೆಂದು ಯಾರಿಗಾದರೂ ಅನಿಸುತ್ತದೆ. ಹಚ್ಚಿದರೆ ವೇಗ ಹೆಚ್ಚುತ್ತದೆ, ಕಕ್ಷೆ ಹಿಗ್ಗುತ್ತದೆ, ಒಂದು ಸುತ್ತಿಗೆ ಬೇಕಾಗುವ ಸಮಯವೂ ಹೆಚ್ಚುತ್ತದೆ, ಅರ್ಧ ಗಂಟೆಯೊಳಗೆ ನೀವು ಗುರಿಗಿಂತ ಮೇಲಕ್ಕೇರಿ ಹಿಂದೆ ಬಿದ್ದಿರುತ್ತೀರಿ. ಮುಂದಿರುವುದನ್ನು ಹಿಡಿಯಬೇಕಾದರೆ ವೇಗ ತಗ್ಗಿಸಿ ಕೆಳಗಿನ ಕಕ್ಷೆಗೆ ಇಳಿಯಬೇಕು, ಅಲ್ಲಿ ಸುತ್ತು ಬೇಗ ಮುಗಿಯುವುದರಿಂದ ತಾನಾಗಿಯೇ ಮುಂದೆ ಸಾಗಬೇಕು, ಆಮೇಲೆ ಲೆಕ್ಕ ಹಾಕಿ ಮೇಲಕ್ಕೆ ಬರಬೇಕು. ಕೊನೆಯ ನೂರು ಮೀಟರಿನಲ್ಲಿ ನ್ಯಾವ್‌ಬಾಲ್ (ದಿಕ್ಕು ತೋರಿಸುವ ಗೋಲ) ಮೇಲಿನ, ನೌಕೆ ಸಾಗುವ ದಿಕ್ಕಿನ ಹಳದಿ ಗುರುತನ್ನು ಗುರಿಯ ನೇರಳೆ ಗುರುತಿನ ಮೇಲೆ ಕೂರಿಸಿ, ಪುಟ್ಟ ಥ್ರಸ್ಟರುಗಳನ್ನು ಚೂರು ಚೂರೇ ಊದಿಸುತ್ತ ಸೆಕೆಂಡಿಗೆ 0.2 ಮೀಟರಿನಂತೆ ಸರಿಯುವಾಗ ಉಸಿರಾಡಲೂ ಹೆದರಿಕೆಯಾಗುತ್ತದೆ. 1965ರ ಜೂನ್‌ನಲ್ಲಿ ಜೆಮಿನಿ 4 ನೌಕೆಯ ಜೇಮ್ಸ್ ಮ್ಯಾಕ್‌ಡಿವಿಟ್ ತನ್ನದೇ ರಾಕೆಟ್ಟಿನ ಕಳಚಿದ ಹಂತದ ಬಳಿ ಹೋಗಲೆಂದು ಅದರತ್ತಲೇ ನೌಕೆಯನ್ನು ನೂಕಿ, ಅದು ದೂರವಾಗುತ್ತಲೇ ಹೋದಾಗ ಪ್ರಯತ್ನ ಕೈಬಿಡಬೇಕಾಯಿತು ಎಂದು ಓದಿದಾಗ, ಆ ಮನುಷ್ಯನ ಪಕ್ಕದಲ್ಲೇ ಕೂತಿದ್ದೇನೆ ಅನಿಸಿತು. ಇಸ್ರೋದ ಸ್ಪೇಡೆಕ್ಸ್ ಉಪಗ್ರಹಗಳೆರಡು 2025ರ ಜನವರಿ 16ರಂದು ಜೋಡಿಗೊಂಡಾಗಲೂ ಹಾಗೆಯೇ. 5 ಕಿಲೋಮೀಟರ್, 1.5 ಕಿಲೋಮೀಟರ್, 500 ಮೀಟರ್, 225, 15, 3 ಎಂದು ಹಂತ ಹಂತವಾಗಿ ನಿಂತು ನಿಂತು ಹತ್ತಿರವಾದ ಆ ಕ್ರಮ ಮನೆಯಲ್ಲಿ ಬೇರೆಯವರಿಗೆ ಬೇಸರ ತರಿಸಿರಬಹುದು, ನನಗಂತೂ ಫೋನ್ ಕೆಳಗಿಡಲಾಗಲಿಲ್ಲ.

ಈಗ ನನ್ನ ಸಂಕಟಕ್ಕೆ ಬರುತ್ತೇನೆ. 2013ರ ‘ಗ್ರ್ಯಾವಿಟಿ’ ನನಗೆ ಪ್ರಿಯವಾದ ಚಿತ್ರ. ನಿರ್ವಾತದಲ್ಲಿ ಶಬ್ದವಿಲ್ಲ ಎಂಬುದನ್ನು ಅದು ಗೌರವಿಸುತ್ತದೆ. ಪಾತ್ರದ ಕೈ ಯಾವುದಾದರೂ ವಸ್ತುವನ್ನು ಮುಟ್ಟಿದಾಗ ಮಾತ್ರ ಅದರ ಕಂಪನ ಮಂದವಾಗಿ ಕೇಳುತ್ತದೆ. ಆದರೆ ಕಥೆಯ ಬೆನ್ನೆಲುಬೇ ಹಬಲ್ ದೂರದರ್ಶಕದಿಂದ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಬೆನ್ನಿಗೆ ಕಟ್ಟಿದ ಥ್ರಸ್ಟರಿನಿಂದ ತೇಲಿ ಹೋಗುವುದು. ಹಬಲ್‌ನ ಕಕ್ಷೆ ಭೂಮಧ್ಯರೇಖೆಗೆ 28.5 ಡಿಗ್ರಿ ಓರೆ, ನಿಲ್ದಾಣದ್ದು 51.6 ಡಿಗ್ರಿ. ಎತ್ತರದ ವ್ಯತ್ಯಾಸವನ್ನು ಬದಿಗಿಟ್ಟರೂ, ಎರಡೂ ಕಕ್ಷೆಗಳ ಓರೆಯನ್ನು ಸರಿಹೊಂದಿಸುವುದಕ್ಕೇ ಸೆಕೆಂಡಿಗೆ ಸುಮಾರು 3 ಕಿಲೋಮೀಟರಿನಷ್ಟು ವೇಗಬದಲಾವಣೆ ಬೇಕು. ನಾಸಾದ ಸ್ಪೇಸ್ ಶಟಲ್ ಕಾಲದ ನಿಜವಾದ ಬೆನ್ನುಚೀಲದ ಥ್ರಸ್ಟರಿಗೆ ಇದ್ದ ಶಕ್ತಿ ಸೆಕೆಂಡಿಗೆ ಸುಮಾರು 25 ಮೀಟರ್. ಇದನ್ನು ಹೇಳತೊಡಗಿದರೆ ಪಕ್ಕದಲ್ಲಿ ಕೂತವರ ಮೊಣಕೈ ನನ್ನ ಪಕ್ಕೆಗೆ ತಗಲುತ್ತದೆ.

ತಪ್ಪು ಹೆಕ್ಕುವ ಚಪಲವೆಂದು ದಯವಿಟ್ಟು ತಿಳಿಯಬೇಡಿ. ನಿಜವಾದ ಲೆಕ್ಕವನ್ನೇ ಇಟ್ಟುಕೊಂಡಿದ್ದರೆ ಇನ್ನೂ ಭೀಕರವಾದ ದೃಶ್ಯವೊಂದು ಸಿಗುತ್ತಿತ್ತಲ್ಲ ಎಂಬುದು ನನ್ನ ಹೊಟ್ಟೆಯುರಿ. ನಿಲ್ದಾಣ ಕಣ್ಣಳತೆಯಲ್ಲೇ ಹಾದುಹೋಗುತ್ತದೆ, ಅದರಲ್ಲಿ ಗಾಳಿಯಿದೆ, ಮನೆಗೆ ಮರಳುವ ಸೊಯುಜ್ ನೌಕೆ ಇದೆ, ಆದರೆ ಅದು ನಿಮ್ಮನ್ನು ಸೆಕೆಂಡಿಗೆ 3 ಕಿಲೋಮೀಟರ್ ವೇಗದಲ್ಲಿ ದಾಟಿ ಹೋಗುತ್ತಿದೆ. ಇದಕ್ಕಿಂತ ಕ್ರೂರವಾದ ಸನ್ನಿವೇಶವನ್ನು ಯಾವ ಚಿತ್ರಕಥೆಗಾರ ಹೆಣೆಯಬಲ್ಲ?

‘ಇಂಟರ್‌ಸ್ಟೆಲ್ಲರ್’ ಚಿತ್ರದಲ್ಲಿ ಕಪ್ಪುಕುಳಿಯನ್ನು ಭೌತವಿಜ್ಞಾನಿ ಕಿಪ್ ಥಾರ್ನ್ ಅವರ ಸಮೀಕರಣಗಳಿಂದಲೇ ಬಿಡಿಸಿದವರು, ಭೂಮಿಯಿಂದ ಮೇಲೇರಲು ಬಹುಹಂತದ ರಾಕೆಟ್ ತೋರಿಸಿ, ಭೂಮಿಗಿಂತ ಶೇಕಡಾ 30ರಷ್ಟು ಹೆಚ್ಚು ಗುರುತ್ವವಿರುವ ಗ್ರಹದಿಂದ ಅದೇ ಪುಟ್ಟ ನೌಕೆಯನ್ನು ಯಾವ ರಾಕೆಟ್ಟೂ ಇಲ್ಲದೆ ಮೇಲಕ್ಕೆ ಕಳಿಸಿದರು. ನಮ್ಮ ‘ಮಿಷನ್ ಮಂಗಲ್’ನಲ್ಲಿ ಒಲೆ ಆರಿಸಿ ಉಳಿದ ಶಾಖದಲ್ಲೇ ಪೂರಿ ಕರಿಯುವ ಹೋಲಿಕೆ ಇದೆ. ಮಿತವ್ಯಯವನ್ನು ಅದು ಹೇಳುತ್ತದೆ, ನಿಜ. ಆದರೆ ಮಂಗಳಯಾನ ಸುಮಾರು ಒಂದು ತಿಂಗಳು ಭೂಮಿಯನ್ನೇ ಏಕೆ ಸುತ್ತಿತು, ಪ್ರತಿ ಸಲವೂ ಭೂಮಿಗೆ ಅತಿ ಹತ್ತಿರ ಬಂದಾಗಲೇ ಏಕೆ ಎಂಜಿನ್ ಉರಿಸಿತು ಎಂಬುದು ಆ ಪೂರಿಯಿಂದ ತಿಳಿಯುವುದಿಲ್ಲ. ಭೂಮಿಗೆ ಹತ್ತಿರವಾದಷ್ಟೂ ನೌಕೆಯ ಓಟ ಜೋರು. ಸೆಕೆಂಡಿಗೆ 10 ಕಿಲೋಮೀಟರ್ ಓಡುತ್ತಿರುವಾಗ ಕೂಡಿಸಿದ 100 ಮೀಟರಿನಿಂದ ಸಿಗುವ ಚಲನಶಕ್ತಿ, 1 ಕಿಲೋಮೀಟರ್ ಓಡುತ್ತಿರುವಾಗ ಕೂಡಿಸಿದ 100 ಮೀಟರಿನದಕ್ಕಿಂತ ಹೆಚ್ಚುಕಡಿಮೆ ಹತ್ತು ಪಟ್ಟು. ಇದನ್ನು ಒಂದು ನಿಮಿಷದಲ್ಲಿ ತೋರಿಸಬಹುದಿತ್ತು.

ಗೇಮ್‌ಗಳ ಕಥೆಯೂ ಅಷ್ಟೇ. ‘ಸ್ಪೇಸ್ ಎಂಜಿನಿಯರ್ಸ್’ನಲ್ಲಿ ಸೆಕೆಂಡಿಗೆ 100 ಮೀಟರಿಗೆ ವೇಗ ನಿಂತುಬಿಡುತ್ತದೆ. 2023ರ ‘ಸ್ಟಾರ್‌ಫೀಲ್ಡ್’ನಲ್ಲಿ ಸಾವಿರಕ್ಕೂ ಹೆಚ್ಚು ಗ್ರಹಗಳಿದ್ದರೂ ನೆಲದಿಂದ ಕಕ್ಷೆಗೆ ಏರುವುದು ಒಂದು ಚಿಕ್ಕ ವಿಡಿಯೋ ಅಷ್ಟೇ. ಕರ್ಬಲ್‌ನ ಎರಡನೆಯ ಆವೃತ್ತಿ 2023ರ ಫೆಬ್ರುವರಿಯಲ್ಲಿ ಅರೆಬರೆಯಾಗಿ ಬಂದು, ವಸಾಹತುಗಳು, ಅಂತರತಾರಾ ಪಯಣ, ಹಲವರು ಕೂಡಿ ಆಡುವ ಸೌಲಭ್ಯ ಎಂಬ ಭರವಸೆಗಳೆಲ್ಲ ಈಡೇರುವ ಮೊದಲೇ 2024ರಲ್ಲಿ ಅದರ ಸ್ಟುಡಿಯೋ ಬಾಗಿಲು ಹಾಕಿತು.

ಕಕ್ಷೆಯ ನಿಯಮಗಳನ್ನು ಅಡ್ಡಿಯೆಂದು ಬದಿಗೆ ಸರಿಸದೆ, ಅವುಗಳಿಂದಲೇ ಕಥೆ ಕಟ್ಟಿದ ಗೇಮ್ ಅಥವಾ ಸಿನಿಮಾ ಯಾವುದಾದರೂ ಇದೆಯೇ? ಇಲ್ಲವಾದರೆ, ಏಕಿಲ್ಲ?

ಉತ್ತರ: ಗಾಂಧಿನಗರದ_ಕತ್ತರಿ

ನಾನು ಸಂಕಲನದ ಕೋಣೆಯಲ್ಲಿ ಹೊಟ್ಟೆ ಹೊರೆಯುವವನು; ಬಾಹ್ಯಾಕಾಶದ ಚಿತ್ರಕ್ಕೆ ಕೆಲಸ ಮಾಡಿಲ್ಲ, ಆದರೆ ಬೆನ್ನಟ್ಟುವ ದೃಶ್ಯಗಳನ್ನು ಬೇಕಾದಷ್ಟು ಕತ್ತರಿಸಿದ್ದೇನೆ. ಬೆನ್ನಟ್ಟುವವನು ತೆರೆಯ ಎಡದಿಂದ ಬಲಕ್ಕೆ ಓಡಿದರೆ ಓಡಿಹೋಗುವವನೂ ಅದೇ ದಿಕ್ಕಿನಲ್ಲಿ ಓಡಬೇಕು. ಈ ಸಣ್ಣ ಕಟ್ಟಳೆ ಮುರಿದರೂ ನೋಡುಗರಿಗೆ ಯಾರು ಯಾರನ್ನು ಅಟ್ಟುತ್ತಿದ್ದಾರೆಂದು ಗೊತ್ತಾಗುವುದಿಲ್ಲ. ಮುಂದಿರುವ ನೌಕೆಯನ್ನು ಹಿಡಿಯಲು ನಾಯಕಿ ವೇಗ ತಗ್ಗಿಸಿ ಕೆಳಗಿಳಿಯುವುದನ್ನು ಈ ಕಟ್ಟಳೆಯೊಳಗೆ ತೋರಿಸಬೇಕಾದರೆ, ಅದಕ್ಕೆ ಮೊದಲು ಯಾರಾದರೂ ಕಪ್ಪುಹಲಗೆಯ ಮುಂದೆ ನಿಂತು ಮೂರು ನಿಮಿಷ ಪಾಠ ಮಾಡಬೇಕು. ಆ ಮೂರು ನಿಮಿಷವನ್ನು ನಿರ್ಮಾಪಕರು ನನ್ನ ಕೈಯಿಂದಲೇ ತೆಗೆಸುತ್ತಾರೆ.

ಇನ್ನೊಂದು ತೊಡಕಿದೆ. ಒಂದು ಸಂಖ್ಯೆ ಇಳಿಯುತ್ತ ಹೋಗುವುದನ್ನು ನೋಡುಗರು ಸುಲಭವಾಗಿ ಹಿಂಬಾಲಿಸುತ್ತಾರೆ. ಆಮ್ಲಜನಕ ಶೇಕಡಾ 10, 8, 5 ಎಂದರೆ ಸಾಕು, ಸಭಾಂಗಣ ಬಿಗಿಯಾಗುತ್ತದೆ. ನೀವು ಹೇಳುವ ವೇಗಬದಲಾವಣೆ, ಅಂದರೆ ಡೆಲ್ಟಾ-ವಿ ಎಂಬುದು, ವೇಗದ ಅಳತೆಯಲ್ಲಿರುತ್ತದೆ, ಆದರೆ ಹಣದಂತೆ ಖರ್ಚಾಗುತ್ತದೆ. ವೇಗಮಾಪಕವನ್ನಷ್ಟೇ ಕಂಡವರಿಗೆ ‘ನಮ್ಮ ಬಳಿ ಇನ್ನು ಸೆಕೆಂಡಿಗೆ 40 ಮೀಟರ್ ಮಾತ್ರ ಉಳಿದಿದೆ’ ಎಂಬ ಮಾತು ತಲೆಬುಡವಿಲ್ಲದ್ದಾಗಿ ಕೇಳುತ್ತದೆ. ಹಾಗೆಂದು ಅಸಾಧ್ಯವೆನ್ನಲಾರೆ, ಮೊದಲ ಅರ್ಧ ಗಂಟೆಯಲ್ಲೇ ಆ ಸಂಖ್ಯೆಯನ್ನು ತೆರೆಯ ಮೂಲೆಯಲ್ಲಿಟ್ಟು, ಒಂದು ಸಣ್ಣ ತಪ್ಪಿಗೆ ಅದರಲ್ಲಿ ಎಷ್ಟು ಕರಗಿತೆಂದು ತೋರಿಸಿಬಿಟ್ಟರೆ ನೋಡುಗರು ಆಮೇಲೆ ತಾವೇ ಲೆಕ್ಕವಿಡುತ್ತಾರೆ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ 1995ರ ‘ಅಪೊಲೊ 13’. ಮೂವರೂ ಬದುಕಿ ಬಂದರೆಂಬುದು ಲೋಕಕ್ಕೆಲ್ಲ ಗೊತ್ತಿದ್ದರೂ ಆ ಚಿತ್ರ ಉಸಿರು ಹಿಡಿದು ಕೂರಿಸುತ್ತದೆ. ಕಾರಣ, ಅದರಲ್ಲಿ ಖಳನಿಲ್ಲ. ಬ್ಯಾಟರಿಯಲ್ಲಿ ಉಳಿದ ವಿದ್ಯುತ್ತು, ಚಚ್ಚೌಕದ ಶೋಧಕವನ್ನು ದುಂಡನೆಯ ಕಿಂಡಿಗೆ ಹೊಂದಿಸುವ ಕೆಲಸ, ಭೂಮಿಯ ವಾತಾವರಣಕ್ಕೆ ಸರಿಯಾದ ಕೋನದಲ್ಲಿ ಮರಳುವ ಲೆಕ್ಕ, ಇವೇ ಇವೆ. ಉಪಕರಣಗಳನ್ನು ಯಾವ ಅನುಕ್ರಮದಲ್ಲಿ ಚಾಲೂ ಮಾಡಿದರೆ ವಿದ್ಯುತ್ ಮಿತಿ ಮೀರದು ಎಂದು ನೆಲದ ಮೇಲಿನ ಸಿಮ್ಯುಲೇಟರಿನಲ್ಲಿ ಮತ್ತೆ ಮತ್ತೆ ಹುಡುಕುವ ದೃಶ್ಯ ನಿಮ್ಮಂಥ ಲೆಕ್ಕಪತ್ರದವರಿಗೆ ಖಂಡಿತ ಹಿಡಿಸುತ್ತದೆ. ತೂಕವಿಲ್ಲದ ದೃಶ್ಯಗಳನ್ನು ನಾಸಾದ ವಿಮಾನ ಕಮಾನಿನಂತೆ ಏರಿ ಇಳಿಯುವಾಗ ಸಿಗುವ 25 ಸೆಕೆಂಡಿನಷ್ಟು ಅವಧಿಗಳಲ್ಲಿ ತುಂಡುತುಂಡಾಗಿ ಚಿತ್ರೀಕರಿಸಿದರು. ಅಷ್ಟು ಚಿಕ್ಕ ತುಣುಕುಗಳನ್ನು ಹೊಲಿಗೆ ಕಾಣದಂತೆ ಕೂಡಿಸಿದವರಿಗೆ ನಾನು ದೂರದಿಂದಲೇ ಕೈಮುಗಿಯುತ್ತೇನೆ.

ಉತ್ತರ: ನೋದಕ

ಸಿನಿಮಾವನ್ನು ಇಷ್ಟು ಖಡಕ್ಕಾಗಿ ಅಳೆಯುವ ಕಕ್ಷಾಸಕ್ತರು ಕರ್ಬಲ್‌ಗೆ ಮಾತ್ರ ಸಲೀಸಾಗಿ ರಿಯಾಯಿತಿ ಕೊಟ್ಟಿದ್ದಾರೆ. ಅದೇ ಗಣಿತವನ್ನು ಅದಕ್ಕೂ ಹಚ್ಚೋಣ.

ಆ ಗೇಮ್‌ನ ಕರ್ಬಿನ್ ಗ್ರಹದ ತ್ರಿಜ್ಯ 600 ಕಿಲೋಮೀಟರ್, ಭೂಮಿಯದರ ಹತ್ತನೆಯ ಒಂದು ಭಾಗಕ್ಕಿಂತ ತುಸು ಕಡಿಮೆ. ಆದರೂ ಮೇಲ್ಮೈ ಗುರುತ್ವ ಭೂಮಿಯಷ್ಟೇ. ಇದು ಸಾಧ್ಯವಾಗಬೇಕಾದರೆ ಆ ಗ್ರಹದ ಸಾಂದ್ರತೆ ಭೂಮಿಯ ಹತ್ತು ಪಟ್ಟು ಮೀರಬೇಕು, ಅಂದರೆ ನಮಗೆ ಗೊತ್ತಿರುವ ಅತಿ ಸಾಂದ್ರ ಧಾತುಗಳಲ್ಲೊಂದಾದ ಆಸ್ಮಿಯಂನ ಎರಡೂವರೆ ಪಟ್ಟು. ಪರಿಣಾಮ ಏನೆಂದರೆ, ಅಲ್ಲಿ ಕಕ್ಷೆ ಸೇರಲು ಸೆಕೆಂಡಿಗೆ ಸುಮಾರು 3.4 ಕಿಲೋಮೀಟರ್ ಸಾಕು, ಭೂಮಿಯಿಂದಾದರೆ 9.4ರ ಆಸುಪಾಸು ಬೇಕು. ವ್ಯತ್ಯಾಸ ಮೂರು ಪಟ್ಟಿಗೂ ಕಡಿಮೆ ಎಂದು ಸಮಾಧಾನಪಡಬೇಡಿ, ಏಕೆಂದರೆ ರಾಕೆಟ್ ಸಮೀಕರಣ ಘಾತೀಯವಾದದ್ದು, ಬೇಕಾದ ವೇಗ ತುಸು ಏರಿದರೂ ಹೊರಡುವ ತೂಕ ಪಟ್ಟುಪಟ್ಟಾಗಿ ಏರುತ್ತದೆ. ಹೊರಚಿಮ್ಮುವ ಅನಿಲದ ವೇಗ ಸೆಕೆಂಡಿಗೆ 3.2 ಕಿಲೋಮೀಟರ್ ಎಂದಿಟ್ಟುಕೊಂಡು, ಹಂತಗಳನ್ನು ಕಳಚುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ, ಕರ್ಬಿನ್‌ನಲ್ಲಿ ಹೊರಡುವಾಗಿನ ತೂಕ ಕೊನೆಗೆ ಉಳಿಯುವ ತೂಕದ ಮೂರು ಪಟ್ಟಿದ್ದರೆ ಆಯಿತು. ಭೂಮಿಯಲ್ಲಿ ಸುಮಾರು ಹತ್ತೊಂಬತ್ತು ಪಟ್ಟು. ಶ್ರೀಹರಿಕೋಟಾದಿಂದ ಏರುವ ರಾಕೆಟ್ಟಿನ ಬಹುಪಾಲು ಬರೀ ನೋದಕವೇ (ಉರಿದು ರಾಕೆಟ್ಟನ್ನು ನೂಕುವ ದ್ರವ್ಯ) ಆಗಿರುವುದು ಇದೇ ಕಾರಣಕ್ಕೆ.

ಎರಡನೆಯದಾಗಿ, ಕರ್ಬಲ್‌ನಲ್ಲಿ ಒಂದು ನೌಕೆಯನ್ನು ಒಂದು ಹೊತ್ತಿಗೆ ಒಂದೇ ಕಾಯ ಸೆಳೆಯುತ್ತದೆ. ಗಡಿ ದಾಟಿದೊಡನೆ ಹಳೆಯ ಕಾಯದ ಗುರುತ್ವ ಪೂರ್ತಿ ಮಾಯವಾಗಿ ಹೊಸದರದು ಬರುತ್ತದೆ. ಹಾಗಾಗಿ ಎರಡು ಕಾಯಗಳ ಸೆಳೆತ ಕೂಡಿ ನೌಕೆಯನ್ನು ಅವುಗಳ ಜೊತೆಜೊತೆಗೇ ಸಾಗಿಸುವ ಲಗ್ರಾಂಜ್ ಬಿಂದುಗಳೇ ಅಲ್ಲಿ ಇಲ್ಲ. 2023ರ ಸೆಪ್ಟೆಂಬರ್ 2ರಂದು ಹೊರಟು 2024ರ ಜನವರಿ 6ರಂದು ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದ ಬಿಂದುವಿನ ಸುತ್ತ ನೆಲೆನಿಂತ ನಮ್ಮ ಆದಿತ್ಯ-ಎಲ್1 ನೌಕೆಯನ್ನು ನಿಮ್ಮ ಗೇಮ್‌ನಲ್ಲಿ ಹಾರಿಸುವುದೇ ಅಸಾಧ್ಯ.

ನನಗೆ ಇವೆಲ್ಲಕ್ಕಿಂತ ದೊಡ್ಡ ಕೊರತೆಯಾಗಿ ಕಾಣುವುದು, ಆ ಗೇಮ್‌ನಲ್ಲಿ ಎಂಜಿನ್ ಎಂದೂ ಕೈಕೊಡುವುದಿಲ್ಲ ಎಂಬುದು. ಮಂಗಳಯಾನದ ನಿಜವಾದ ರೋಮಾಂಚನ ಇದ್ದದ್ದೇ ಅಲ್ಲಿ. 2013ರ ನವೆಂಬರ್ 11ರ ನಸುಕಿನಲ್ಲಿ ಕಕ್ಷೆ ಏರಿಸುವಾಗ ಎಂಜಿನ್ನಿನ ಕವಾಟವನ್ನು ತೆರೆಯುವ ಎರಡೂ ಸೊಲೆನಾಯ್ಡ್ (ವಿದ್ಯುತ್ಕಾಂತ) ಸುರುಳಿಗಳಿಗೆ ಒಟ್ಟಿಗೆ ವಿದ್ಯುತ್ ಹರಿಸಿ ಪರೀಕ್ಷಿಸಿದಾಗ ಇಂಧನದ ಹರಿವು ನಿಂತುಹೋಯಿತು. ಸೆಕೆಂಡಿಗೆ 130 ಮೀಟರ್ ಸಿಗಬೇಕಾದಲ್ಲಿ ಸಿಕ್ಕಿದ್ದು 35. ಮರುದಿನ ಹೆಚ್ಚುವರಿ ಉರಿತವೊಂದನ್ನು ನಡೆಸಿ ಆ ಕೊರತೆ ತುಂಬಿದರು. ಡಿಸೆಂಬರ್ 1ರ ನಸುಕಿನಲ್ಲಿ 22 ನಿಮಿಷ ಉರಿದು ಸೆಕೆಂಡಿಗೆ ಸುಮಾರು 648 ಮೀಟರ್ ಕೂಡಿಸಿ ಭೂಮಿಯನ್ನು ಬಿಟ್ಟ ಆ 440 ನ್ಯೂಟನ್ ಎಂಜಿನ್, ಮುಂದೆ ಸುಮಾರು 300 ದಿನ ಸುಮ್ಮನಿತ್ತು. ಅಷ್ಟು ದಿನ ತಣ್ಣಗೆ ಕೂತ ಎಂಜಿನ್ ಮತ್ತೆ ಹೊತ್ತಿಕೊಳ್ಳುವುದೇ ಎಂದು 2014ರ ಸೆಪ್ಟೆಂಬರ್ 22ರಂದು ಸುಮಾರು 4 ಸೆಕೆಂಡ್ ಉರಿಸಿ ನೋಡಿದರು. ಎರಡು ದಿನದ ನಂತರದ ನಿಜವಾದ ಉರಿತ 24 ನಿಮಿಷದ್ದು. ಅದು ನಡೆಯುತ್ತಿರುವಾಗಲೇ ನೌಕೆ ಮಂಗಳನ ಮರೆಗೆ ಸರಿಯಿತು, ಸಂಕೇತ ಭೂಮಿಗೆ ಬರಲು 12 ನಿಮಿಷಕ್ಕೂ ಹೆಚ್ಚು ಹೊತ್ತು ಬೇಕಿತ್ತು, ಆದ್ದರಿಂದ ಬೆಂಗಳೂರಿನಲ್ಲಿ ಕೂತವರು ಮಾಡಬಹುದಾದದ್ದು ಏನೂ ಇರಲಿಲ್ಲ. ಕೊಡಬೇಕಾದ ಆದೇಶಗಳನ್ನೆಲ್ಲ ಮೊದಲೇ ನೌಕೆಗೆ ಕಳಿಸಿಯಾಗಿತ್ತು. ಕಾಯುವುದನ್ನೇ ಆಟವಾಗಿಸಿದ ಗೇಮ್ ನನಗೆ ಸಿಕ್ಕಿಲ್ಲ. ಕರ್ಬಲ್ ಬೇಸರ ಬಂದರೆ ಸಮಯವನ್ನೇ ಲಕ್ಷ ಪಟ್ಟು ಓಡಿಸಲು ಗುಂಡಿ ಕೊಟ್ಟಿದೆ.

ಇದರಲ್ಲಿ ಸ್ವಲ್ಪವನ್ನಾದರೂ ಮಾಡ್‌ಗಳು, ಅಂದರೆ ಗೇಮ್‌ಗೆ ಹೊರಗಿನಿಂದ ಸೇರಿಸಿಕೊಳ್ಳುವ ಮಾರ್ಪಾಡುಗಳು, ತುಂಬಿಕೊಡುತ್ತವೆ. ನಿಜವಾದ ಸೌರವ್ಯೂಹವನ್ನು ತರುವ ‘ರಿಯಲ್ ಸೋಲಾರ್ ಸಿಸ್ಟಮ್’, ಎಲ್ಲ ಕಾಯಗಳ ಗುರುತ್ವವನ್ನೂ ಒಟ್ಟಿಗೆ ಲೆಕ್ಕಹಾಕುವ ‘ಪ್ರಿನ್ಸಿಪಿಯಾ’, ಎಂಜಿನ್ ವಿಫಲವಾಗುವ ಸಾಧ್ಯತೆಯನ್ನೂ ಐತಿಹಾಸಿಕ ಅನುಕ್ರಮವನ್ನೂ ಸೇರಿಸುವ ‘ಆರ್‌ಪಿ-1’ ಮೂರನ್ನೂ ಹವ್ಯಾಸಿಗಳೇ ಪುಕ್ಕಟೆಯಾಗಿ ಬರೆದಿದ್ದಾರೆ. ಆದರೆ ಇವನ್ನೆಲ್ಲ ಹಾಕಿಕೊಂಡರೆ ಗೇಮ್ ತೆರೆದುಕೊಳ್ಳುವಷ್ಟರಲ್ಲಿ ಕಾಫಿ ಕುಡಿದು ಬರಬಹುದು, ಮೆಮೊರಿಯೂ ಧಾರಾಳವಾಗಿ ಬೇಕು.

ಕಕ್ಷಾಸಕ್ತ

ಇಬ್ಬರಿಗೂ ವಂದನೆಗಳು. ನೋದಕ ಅವರು ಪಟ್ಟಿ ಮಾಡಿದ ಕೊರತೆಗಳು ನಿಜ, ಆದರೂ ಒಂದು ಭೇದವನ್ನು ನಾನು ಬಿಟ್ಟುಕೊಡಲಾರೆ. ಕರ್ಬಲ್ ಜಗತ್ತನ್ನು ಚಿಕ್ಕದು ಮಾಡಿದೆ, ನಿಯಮವನ್ನು ಬದಲಿಸಿಲ್ಲ. ಅಲ್ಲಿ ಕಲಿತದ್ದು ಇಲ್ಲಿಗೂ ಅನ್ವಯಿಸುತ್ತದೆ. ‘ಗ್ರ್ಯಾವಿಟಿ’ಯಲ್ಲಿ ಕಂಡದ್ದನ್ನು ನಂಬಿದವರು ಬೇರೆಲ್ಲೂ ಅದನ್ನು ಬಳಸಲಾರರು.

ಕತ್ತರಿಯವರ ಕಪ್ಪುಹಲಗೆಯ ಮಾತಿಗೆ ಒಂದು ಘಟನೆಯನ್ನು ಮುಂದಿಡುತ್ತೇನೆ. 2009ರ ಮೇ ತಿಂಗಳಲ್ಲಿ ಅಟ್ಲಾಂಟಿಸ್ ಶಟಲ್ ಹಬಲ್ ದುರಸ್ತಿಗೆ ಹೊರಟಾಗ, ಕೊಲಂಬಿಯಾ ದುರಂತದ ನೆನಪು ಇನ್ನೂ ಹಸಿಯಾಗಿತ್ತು. ಬೇರೆ ಯಾನಗಳಲ್ಲಿ ನೌಕೆಗೆ ಹಾನಿಯಾದರೆ ಸಿಬ್ಬಂದಿ ಬಾಹ್ಯಾಕಾಶ ನಿಲ್ದಾಣದಲ್ಲಿ ಆಶ್ರಯ ಪಡೆಯಬಹುದಿತ್ತು. ಹಬಲ್‌ನಿಂದ ನಿಲ್ದಾಣವನ್ನು ತಲುಪುವುದು ಸಾಧ್ಯವೇ ಇರದ ಕಾರಣ, ನಾಸಾ ಎಂಡೆವರ್ ಎಂಬ ಎರಡನೆಯ ಶಟಲ್ಲನ್ನು ಪಕ್ಕದ ಉಡಾವಣಾ ಕಟ್ಟೆಯ ಮೇಲೆ ಸಿದ್ಧವಾಗಿ ನಿಲ್ಲಿಸಿತ್ತು. ಒಬ್ಬರನ್ನು ಉಳಿಸಲು ಇನ್ನೊಂದು ರಾಕೆಟ್ಟೇ ಏರಬೇಕು ಎಂಬುದನ್ನು ತೋರಿಸಲು ಕಪ್ಪುಹಲಗೆ ಬೇಡ. ಎರಡು ಕಟ್ಟೆಗಳ ಮೇಲೆ ಎರಡು ಶಟಲ್ಲುಗಳು ನಿಂತಿರುವ ಒಂದೇ ಶಾಟ್ ಸಾಕು.

ಸಾವಿರ ಗ್ರಹ, ಕೋಟಿ ನಕ್ಷತ್ರ ಎಂದು ಅಂಕಿಯ ಮೇಲೆ ಅಂಕಿ ಹೇರುವ ಗೇಮ್‌ಗಳ ಬಗ್ಗೆ ಮಾತ್ರ ನನ್ನ ಸಿಟ್ಟು ಹಾಗೆಯೇ ಉಳಿದಿದೆ.

ಉತ್ತರ: ಅರುಂಧತಿ_ನಕ್ಷತ್ರ

ಆ ಸಿಟ್ಟಿಗೆ ಪ್ರತಿಯಾಗಿ ಎರಡು ಮಾತು. ನಾನು ‘ಎಲೀಟ್ ಡೇಂಜರಸ್’ ಆಡುವವಳು. 2014ರ ಡಿಸೆಂಬರ್‌ನಲ್ಲಿ ಬಂದ ಈ ಗೇಮ್‌ನಲ್ಲಿ ನಮ್ಮ ಆಕಾಶಗಂಗೆಯೇ ನಿಜ ಅಳತೆಯಲ್ಲಿದೆ, ಸುಮಾರು 40,000 ಕೋಟಿ ನಕ್ಷತ್ರವ್ಯವಸ್ಥೆಗಳೊಂದಿಗೆ. ಇದರ ಪೂರ್ವಜ ‘ಎಲೀಟ್’ 1984ರಲ್ಲಿ 32 ಕಿಲೋಬೈಟ್ ಮೆಮೊರಿಯ ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರಿನಲ್ಲಿ, ತಲಾ 256 ನಕ್ಷತ್ರಗಳ ಎಂಟು ಗೆಲಾಕ್ಸಿಗಳನ್ನು ಸೂತ್ರದಿಂದಲೇ ಹುಟ್ಟಿಸಿ ತೋರಿಸಿತ್ತು. ಅಂಕಿ ಹೇರುವ ರೂಢಿ ಹಳೆಯದು, ಮತ್ತು ಅದರ ಹಿಂದೆ ಸೊಗಸಾದ ಕಸುಬುದಾರಿಕೆ ಇದೆ.

ವೇಗಕ್ಕೆ ಮಿತಿ ಹಾಕುವುದರ ಹಿಂದೆಯೂ ಒಂದು ಇತಿಹಾಸವಿದೆ. ‘ಎಲೀಟ್’ ಕಟ್ಟಿದವರಲ್ಲೊಬ್ಬರಾದ ಡೇವಿಡ್ ಬ್ರೇಬನ್ ಅವರು 1993ರ ‘ಫ್ರಾಂಟಿಯರ್’ನಲ್ಲಿ ನ್ಯೂಟನ್ನನ ನಿಯಮಗಳನ್ನು ಯಾವ ಮಿತಿಯೂ ಇಲ್ಲದೆ ಅಳವಡಿಸಿದ್ದರು. ಫಲವಾಗಿ ಕಾಳಗವೆಂದರೆ ಇಬ್ಬರೂ ಭಯಂಕರ ವೇಗದಲ್ಲಿ ಎದುರುಬದುರಾಗಿ ನುಗ್ಗಿ, ಕ್ಷಣಾರ್ಧದಲ್ಲಿ ಒಬ್ಬರನ್ನೊಬ್ಬರು ದಾಟಿ, ಮತ್ತೆ ತಿರುಗಿ ಬರಲು ನಿಮಿಷಗಟ್ಟಲೆ ವೇಗ ತಗ್ಗಿಸುವುದಾಯಿತು. ಆಡಿದವರು ಬೇಸತ್ತರು. ಇಪ್ಪತ್ತು ವರ್ಷದ ನಂತರ ‘ಎಲೀಟ್ ಡೇಂಜರಸ್’ನಲ್ಲಿ ಅದೇ ಮನುಷ್ಯ ಮಿತಿ ಹಾಕಿದರೆ ಅದನ್ನು ಅಜ್ಞಾನವೆನ್ನಲಾಗದು. ನನ್ನ ಮಟ್ಟಿಗೆ ಆ ಮಿತಿ ಇನ್ನೂ ಚುಚ್ಚುತ್ತದೆ, ಅದು ಬೇರೆ ಮಾತು.

ದೂರ ಎಂದರೇನೆಂದು ನನಗೆ ಮೈಗಿಳಿದದ್ದು ಇದೇ ಗೇಮ್‌ನಲ್ಲಿ. ಆಲ್ಫಾ ಸೆಂಟಾರಿ ವ್ಯವಸ್ಥೆಯಲ್ಲಿ ಹಟನ್ ಆರ್ಬಿಟಲ್ ಎಂಬ ನಿಲ್ದಾಣವಿದೆ. ನೀವು ಆ ವ್ಯವಸ್ಥೆಗೆ ಬಂದಿಳಿಯುವ ಜಾಗದಿಂದ ಅದು 0.22 ಜ್ಯೋತಿರ್ವರ್ಷ ದೂರ, ಬೆಳಕಿನ ಸಾವಿರಾರು ಪಟ್ಟು ವೇಗದಲ್ಲಿ ಸಾಗಿದರೂ ತಲುಪಲು ಒಂದು ಗಂಟೆಗೂ ಹೆಚ್ಚು ನಿಜ ಸಮಯ ಬೇಕು. ಅಷ್ಟು ಹೊತ್ತೂ ತೆರೆಯ ಮೇಲೆ ಏನೂ ನಡೆಯುವುದಿಲ್ಲ, ಅಂಕಿ ಮಾತ್ರ ಬದಲಾಗುತ್ತಿರುತ್ತದೆ. ಆಟಗಾರರು ಅದನ್ನು ತಮಾಷೆಯ ತೀರ್ಥಯಾತ್ರೆಯಾಗಿ ಮಾಡಿಕೊಂಡಿದ್ದಾರೆ, ಹೊಸಬರಿಗೆ ಅಲ್ಲಿ ದುಬಾರಿ ನೌಕೆ ಪುಕ್ಕಟೆ ಸಿಗುತ್ತದೆಂದು ಸುಳ್ಳು ಹೇಳಿ ಕಳಿಸುವುದೂ ಉಂಟು. ನೋದಕ ಅವರು ಕೇಳಿದ ‘ಕಾಯುವ ಆಟ’ ಇದಕ್ಕೆ ಹತ್ತಿರವಾದೀತು.

ಕಥೆ ಮತ್ತು ನಿಯಮ ಎರಡೂ ಒಂದಾದ ಗೇಮ್ ಬೇಕೆಂದರೆ 2019ರ ‘ಔಟರ್ ವೈಲ್ಡ್ಸ್’ ಆಡಿ. ಅದರ ಗ್ರಹಗಳು ಒಂದು ಊರಿನಷ್ಟೂ ದೊಡ್ಡವಲ್ಲ. ನಿಮ್ಮ ಅಳತೆಗೋಲಿಗೆ ಅದು ಕರ್ಬಿನ್‌ಗಿಂತಲೂ ದೊಡ್ಡ ಅಪರಾಧ. ಆದರೆ ಆ ಗ್ರಹಗಳು ನಿಜಕ್ಕೂ ಚಲಿಸುತ್ತಿರುತ್ತವೆ, ನಿಮ್ಮ ನೌಕೆ ತನ್ನ ಚಲನೆಯನ್ನು ತಾನಾಗಿ ಬಿಡುವುದಿಲ್ಲ, ಗುರಿಯ ವೇಗಕ್ಕೆ ನಿಮ್ಮ ವೇಗವನ್ನು ಹೊಂದಿಸದೆ ಹತ್ತಿರ ಹೋದರೆ ಅಪ್ಪಳಿಸುತ್ತೀರಿ. ಇಡೀ ಸೌರವ್ಯೂಹ 22 ನಿಮಿಷಕ್ಕೊಮ್ಮೆ ಮೊದಲಿನಿಂದ ಆರಂಭವಾಗುತ್ತದೆ. ಯಾವ ಗ್ರಹ ಯಾವ ಹೊತ್ತಿಗೆ ಎಲ್ಲಿರುತ್ತದೆ, ಯಾವಾಗ ಯಾವ ಬಾಗಿಲು ತೆರೆಯುತ್ತದೆ ಎಂಬ ಅರಿವೊಂದೇ ನಿಮ್ಮ ಆಸ್ತಿ. ಇದಕ್ಕಿಂತ ಹೆಚ್ಚು ಹೇಳಿದರೆ ನಿಮಗೆ ಅನ್ಯಾಯ ಮಾಡಿದಂತಾಗುತ್ತದೆ, ದಯವಿಟ್ಟು ಅದರ ಬಗ್ಗೆ ಏನನ್ನೂ ಹುಡುಕಿ ಓದಬೇಡಿ.

ಉತ್ತರ: ಬಯಲುಸೀಮೆ_ಮೇಷ್ಟ್ರು

ದುಬಾರಿ ಕಂಪ್ಯೂಟರ್ ಇಲ್ಲದವರ ಪರವಾಗಿ ಬರೆಯುತ್ತಿದ್ದೇನೆ. ನಮ್ಮ ಪ್ರೌಢಶಾಲೆಯ ಮಕ್ಕಳ ಮನೆಯಲ್ಲಿ ಇರುವುದು ಫೋನ್ ಮಾತ್ರ. ಅದರಲ್ಲೇ ಆಡಬಹುದಾದ ‘ಸ್ಪೇಸ್‌ಫ್ಲೈಟ್ ಸಿಮ್ಯುಲೇಟರ್’ ಎರಡು ಆಯಾಮದ್ದು, ಅದರ ಸೌರವ್ಯೂಹವನ್ನೂ ಚಿಕ್ಕದಾಗಿಸಿದ್ದಾರೆ, ಕಕ್ಷೆಯ ಓರೆ ಎಂಬುದು ಅದರಲ್ಲಿ ಇಲ್ಲವೇ ಇಲ್ಲ. ಆದರೂ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ‘ಸರ್, ನೇರ ಮೇಲಕ್ಕೆ ಹೋದರೆ ವಾಪಸ್ಸು ಬೀಳುತ್ತದೆ, ಅಡ್ಡ ಓಡಬೇಕು’ ಎಂದು ತಾನೇ ಕಂಡುಕೊಂಡು ಬಂದು ಹೇಳಿದಳು. ಗುರುತ್ವದ ಪಾಠವನ್ನು ಎಷ್ಟೋ ವರ್ಷ ಮಾಡಿಯೂ ಆ ವಾಕ್ಯವನ್ನು ಮಕ್ಕಳ ಬಾಯಿಂದ ನಾನು ಕೇಳಿರಲಿಲ್ಲ.

ಹಳೆಯ ಕಂಪ್ಯೂಟರ್ ಇದ್ದವರಿಗೆ ‘ಆರ್ಬಿಟರ್’ ಇದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಮಾರ್ಟಿನ್ ಶ್ವೈಗರ್ ಇದನ್ನು 2000ದಲ್ಲಿ ಪುಕ್ಕಟೆಯಾಗಿ ಹೊರತಂದರು, 2021ರಲ್ಲಿ ಅದರ ಸೋರ್ಸ್ ಕೋಡನ್ನೂ ಎಲ್ಲರಿಗೂ ತೆರೆದಿಟ್ಟರು. ಇದರಲ್ಲಿ ಅಂಕಗಳಿಲ್ಲ, ಹಂತಗಳಿಲ್ಲ, ಶಭಾಸ್ ಎನ್ನುವವರಿಲ್ಲ. ಭೂಮಿ, ಚಂದ್ರ, ಗ್ರಹಗಳು ಮಾತ್ರ ನಿಜವಾದ ಅಳತೆಯಲ್ಲಿವೆ. ಕಕ್ಷಾಸಕ್ತರು ಇದನ್ನು ಹಾಕಿಕೊಳ್ಳುವುದಾದರೆ ಮೊದಲಿಗೇ ಡೆಲ್ಟಾ ಗ್ಲೈಡರ್ ನೌಕೆಯನ್ನು ಆರಿಸಿಕೊಳ್ಳಬೇಡಿ, ಅದರ ಎಂಜಿನ್ ಮತ್ತು ನೋದಕ ಎರಡೂ ಕಲ್ಪನೆಯವು, ಏನು ಮಾಡಿದರೂ ನಡೆದುಹೋಗುತ್ತದೆ. ಅಟ್ಲಾಂಟಿಸ್ ಶಟಲ್ಲನ್ನು ತೆಗೆದುಕೊಳ್ಳಿ. ಕಕ್ಷೆಯಲ್ಲಿ ಅದರ ಕೈಯಲ್ಲಿರುವುದು ಸೆಕೆಂಡಿಗೆ ಸುಮಾರು 300 ಮೀಟರ್ ಅಷ್ಟೇ. ಜೋಡಣೆಗೆ ಹೊರಟಾಗ ಮೊದಲು ‘ಅಲೈನ್ ಪ್ಲೇನ್ಸ್’ ಫಲಕವನ್ನು ತೆರೆದು, ಎರಡು ಕಕ್ಷೆಗಳು ಒಂದನ್ನೊಂದು ಕತ್ತರಿಸುವ ಬಿಂದುವಿನಲ್ಲಿ ಮಾತ್ರ ಎಂಜಿನ್ ಉರಿಸಿ ಓರೆಯನ್ನು ಸರಿಪಡಿಸಿ. ಅದು ಅರ್ಧ ಡಿಗ್ರಿಗಿಂತ ಕೆಳಗಿಳಿದ ಮೇಲೆ ‘ಸಿಂಕ್ ಆರ್ಬಿಟ್’ಗೆ ಹೋಗಿ. ಎಷ್ಟನೆಯ ಸುತ್ತಿನಲ್ಲಿ ಇಬ್ಬರೂ ಒಂದೇ ಜಾಗಕ್ಕೆ ಬರುತ್ತೀರೆಂದು ಅದು ಸುತ್ತುಗಳ ಪಟ್ಟಿಯಲ್ಲಿ ತೋರಿಸುತ್ತದೆ. ಮೊದಲ ಸುತ್ತಿಗೇ ಹಿಡಿಯಲು ಹೋಗದೆ ನಾಲ್ಕೈದು ಸುತ್ತು ಬಿಟ್ಟುಕೊಂಡರೆ ನೋದಕ ಉಳಿಯುತ್ತದೆ.